ಗಾಜಿನ ಗೀರಿಗೆ ಲೆಕ್ಕ ಕೊಟ್ಟ ಗ್ರಿಫಿತ್

ಗೊರಗುಂಟೆಪಾಳ್ಯದ ಯಾವುದಾದರೂ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸೋದನ್ನ ನೋಡಿ: ಒಂದು ಗೀರು, ಕೈಯಲ್ಲಿ ಒಂದು ಒತ್ತು, ಅಷ್ಟೇ. ಅಷ್ಟು ಸಣ್ಣ ಗೀರಿಗೆ ಗಾಜು ಯಾಕೆ ಸೋಲುತ್ತೆ ಅಂತ ಲೆಕ್ಕ ಹಾಕಿ ತೋರಿಸಿದವರು ಅಲನ್ ಆರ್ನಾಲ್ಡ್ ಗ್ರಿಫಿತ್.

1893ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಲಿವರ್‌ಪೂಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಅವರು 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆ ಸೇರಿದರು. ಮೇಲ್ಮೈಯ ಗೀರುಗಳಿಂದ ಲೋಹದ ಭಾಗಗಳು ಯಾಕೆ ದುರ್ಬಲವಾಗುತ್ತವೆ ಅನ್ನೋದು ಪ್ರಶ್ನೆ. ಪ್ರಯೋಗಕ್ಕೆ ಆರಿಸಿಕೊಂಡದ್ದು ಗಾಜು. ಒಂದು ಮಿಲಿಮೀಟರ್ ದಪ್ಪದ ಗಾಜಿನ ಎಳೆ ಸುಮಾರು 170 ಮೆಗಾಪ್ಯಾಸ್ಕಲ್‌ಗೆ ತುಂಡಾಯಿತು, 3.3 ಮೈಕ್ರಾನಿನ ಎಳೆ ಸುಮಾರು 3,400ರವರೆಗೆ ತಡೆಯಿತು. ಗಾಜು ಅದೇ, ಗಾತ್ರ ಬೇರೆ! ಕಾರಣ, ಕಣ್ಣಿಗೆ ಕಾಣದ ಬಿರುಕುಗಳು. ಗಾತ್ರ ಹೆಚ್ಚಿದಷ್ಟೂ ದೊಡ್ಡ ಬಿರುಕು ಸಿಗುವ ಸಂಭವ ಹೆಚ್ಚು. ಬಿರುಕಿನ ಆಳ ನಾಲ್ಕು ಪಟ್ಟಾದರೆ ಬಲ ಅರ್ಧಕ್ಕಿಳಿಯುತ್ತೆ.

1921ರಲ್ಲಿ ರಾಯಲ್ ಸೊಸೈಟಿ ಈ ಪ್ರಬಂಧವನ್ನು ಪ್ರಕಟಿಸಿದರೂ ಎಂಜಿನಿಯರುಗಳು ಅಷ್ಟಾಗಿ ಗಮನ ಕೊಡಲಿಲ್ಲ. ಗ್ರಿಫಿತ್ ಟರ್ಬೈನ್ ಕಡೆ ಹೊರಳಿ, 1939ರಲ್ಲಿ ರೋಲ್ಸ್ ರಾಯ್ಸ್ ಸೇರಿ ಜೆಟ್ ಎಂಜಿನ್‌ಗಳಿಗಾಗಿ ದುಡಿದರು. ಅವರ ಲೆಕ್ಕವನ್ನು ಜಾರ್ಜ್ ಇರ್ವಿನ್ ಲೋಹಗಳಿಗೆ ಹೊಂದಿಸಿದ್ದು 1950ರ ದಶಕದಲ್ಲಿ. 1963ರಲ್ಲಿ ಗ್ರಿಫಿತ್ ತೀರಿಕೊಂಡರು.

ಕತ್ತರಿಸಿದ ಗಾಜಿನ ಅಂಚಿನಲ್ಲೇ ಬಿರುಕುಗಳು ಜಾಸ್ತಿ. ಅದಕ್ಕೇ ರೇಲಿಂಗ್, ಮೆಟ್ಟಿಲುಗಳ ಗಾಜಿಗೆ ಮೊದಲು ಅಂಚು ಉಜ್ಜಿ ಪಾಲಿಶ್ ಮಾಡಿ, ಆಮೇಲೆ ಟಫನ್ ಮಾಡೋದು. ಆ ಪಾಲಿಶ್ ಬರೀ ಅಂದಕ್ಕಲ್ಲ; ರೇಲಿಂಗಿಗೆ ಒರಗಿ ನಿಂತವರ ಜೀವ ಅದನ್ನ ನಂಬಿಕೊಂಡಿದೆ.