ಲೇಪಾಕ್ಷಿಯ ವಿರೂಪಣ್ಣ

ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529–1542) ಪೆನುಗೊಂಡೆಯ ಸೀಮೆಯ ಅಧಿಕಾರಿಯಾಗಿದ್ದವನು ವಿರೂಪಣ್ಣ. ತಂದೆ ನಂದಿ ಲಕ್ಕಿಸೆಟ್ಟಿ, ಸೋದರ ವೀರಣ್ಣ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ, ಆಮೆಯ ಬೆನ್ನಿನಂತಿರುವ ಕೂರ್ಮಶೈಲದ ಮೇಲೆ, ಈ ಸೋದರರು ವೀರಭದ್ರನ ಗುಡಿಯನ್ನು ಭವ್ಯವಾಗಿ ಕಟ್ಟಿಸಿದರು. ಊರು ಇಂದು ಆಂಧ್ರಪ್ರದೇಶದಲ್ಲಿದ್ದರೂ ಗುಡಿಯ ಶಾಸನಗಳ ನುಡಿ ಕನ್ನಡ.

ವಿರೂಪಣ್ಣನ ಹೆಸರನ್ನು ಉಳಿಸಿದ್ದು ಅವನ ಅಧಿಕಾರವಲ್ಲ, ಅವನು ಕಟ್ಟಿಸಿದ ನಾಟ್ಯಮಂಟಪ. ಅಲ್ಲಿಯ ಕಂಬಗಳಲ್ಲಿ ರಂಭೆ ನರ್ತಿಸುತ್ತಾಳೆ. ಬ್ರಹ್ಮ, ತುಂಬುರರು ವಾದ್ಯ ಹಿಡಿದಿದ್ದಾರೆ. ಮೂರು ಕಾಲಿನ ಭೃಂಗಿ ಹೆಜ್ಜೆ ತಿದ್ದುತ್ತಾನೆ. ನಡುವೆ ನಿಂತವನು ಪ್ರೇಕ್ಷಕನಾಗಿ ಉಳಿಯದೆ ದೇವಸಭೆಯ ಸದಸ್ಯನೇ ಆಗುತ್ತಾನೆ. ತಲೆಯೆತ್ತಿದರೆ ಸುಣ್ಣದ ಗಾರೆಯ ಮೇಲೆ ಕೆಂಪು, ಹಳದಿ, ಕಪ್ಪು ಬಣ್ಣಗಳಲ್ಲಿ ಕಥೆಗಳು ಸಾಲುಸಾಲಾಗಿ ಹರಡಿಕೊಂಡಿವೆ. ಅವುಗಳನ್ನು ಓದಬೇಕಾದರೆ ಚಿತ್ರದ ಕೆಳಗೆ ನಡೆಯುತ್ತಲೇ ಹೋಗಬೇಕು.

ಆ ಚಿತ್ರಗಳಲ್ಲಿ ಪಾರ್ವತೀಕಲ್ಯಾಣವಿದೆ, ದ್ರೌಪದಿಯ ಸ್ವಯಂವರವಿದೆ, ಕಿರಾತಾರ್ಜುನರ ಕಾಳಗವಿದೆ. ಅವುಗಳ ಜೊತೆಗೆ ಮನುನೀತಿ ಚೋಳನ ಕಥೆಯೂ ಇದೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರುವೊಂದು ಸಾಯುತ್ತದೆ. ತಾಯಿಹಸು ಬಂದು ಅರಮನೆಯ ನ್ಯಾಯದ ಗಂಟೆಯನ್ನು ಬಾರಿಸುತ್ತದೆ. ಅರಸನು ಮಗನಿಗೂ ಅದೇ ಶಿಕ್ಷೆ ವಿಧಿಸುತ್ತಾನೆ. ಆಳುವವನ ಮನೆಗೂ ನ್ಯಾಯ ಒಂದೇ ಎಂಬ ಮಾತು ಅಧಿಕಾರಿಯೊಬ್ಬನು ಕಟ್ಟಿಸಿದ ಗುಡಿಯ ಸೂರಿನ ಮೇಲೆಯೇ ಬಣ್ಣ ತಳೆದಿದೆ. ಒಳಗಿನ ಅರ್ಧಮಂಟಪದಲ್ಲಿ ಬೃಹದಾಕಾರದ ವೀರಭದ್ರನ ಪಾದದ ಬಳಿ ವಿರೂಪಣ್ಣ, ವೀರಣ್ಣರು ಪುಟ್ಟ ಆಕೃತಿಗಳಾಗಿ ಕೈಮುಗಿದು ನಿಂತಿದ್ದಾರೆ.

ಇನ್ನು ಜನರ ಬಾಯಲ್ಲಿ ಉಳಿದ ಕಥೆ. ಬೊಕ್ಕಸದ ಹಣವನ್ನು ಅರಸನ ಅಪ್ಪಣೆಯಿಲ್ಲದೆ ಗುಡಿಗೆ ಸುರಿದನೆಂಬ ದೂರು ವಿರೂಪಣ್ಣನ ಮೇಲೆ ಬಂದಿತಂತೆ. ಕಣ್ಣು ಕೀಳಿಸುವ ಆಜ್ಞೆ ಹೊರಟಿತಂತೆ. ರಾಜಭಟರು ಮುಟ್ಟುವ ಮೊದಲೇ ಅವನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಶಾಸನಗಳು ಹೇಳುವುದು ದೇವರಿಗೆ ಬಿಟ್ಟ ದತ್ತಿಗಳನ್ನು. ಕಣ್ಣಿನ ಕಥೆಗೆ ಶಾಸನದ ಆಧಾರವಿಲ್ಲ. ಶಾಸನವನ್ನೂ ಐತಿಹ್ಯವನ್ನೂ ಬೇರೆಬೇರೆಯಾಗಿ ತೂಗುವುದು ಕನ್ನಡ ವಿದ್ಯಾರ್ಥಿಯ ಮೊದಲ ಕರ್ತವ್ಯ.

ಆದರೂ ಐತಿಹ್ಯ ಕೇಳುವ ಪ್ರಶ್ನೆ ಸುಳ್ಳಲ್ಲ. ಪ್ರಜೆಗಳ ತೆರಿಗೆಯ ಹಣ ಕಲೆಯಾಗಿ ಅರಳಿದರೆ, ಲೆಕ್ಕ ಕೊಡುವ ಹೊಣೆ ತೀರುತ್ತದೆಯೇ? ಚೋಳನ ಚಿತ್ರದ ಕೆಳಗೆ ನಿಂತವನು ವಿರೂಪಣ್ಣನ ಪರವಾಗಿ ಸುಲಭವಾಗಿ ವಾದಿಸಲಾರ. ಮಂಟಪದ ಚೆಲುವನ್ನು ಕಂಡವನು ಅವನನ್ನು ಸುಲಭವಾಗಿ ದೂರಲೂ ಆರ. ವಿಶ್ವವಿದ್ಯಾಲಯಗಳು ಇಂದು ರಂಗಪ್ರಯೋಗದಿಂದಲೂ ವರ್ಚುವಲ್ ರಿಯಾಲಿಟಿಯ ಕನ್ನಡಕದಿಂದಲೂ ತರುಣರಿಗೆ ನಾಯಕತ್ವವನ್ನು ಕಲಿಸಲು ಹೊರಟಿವೆ. ಕಲಿಯುವವನನ್ನು ಸಂದರ್ಭದ ಒಳಗೇ ನಿಲ್ಲಿಸಿ, ತೀರ್ಪನ್ನು ಅವನಿಂದಲೇ ಬೇಡುವುದು ಆ ವಿಧಾನದ ತಿರುಳು. ಕಲ್ಲು ಬಣ್ಣಗಳ ಈ ಮಂಟಪವೂ ಮಾಡುವುದು ಅದನ್ನೇ.

ಗುಡಿಯ ಹಿಂಬದಿಯಲ್ಲಿ ಕಲ್ಯಾಣಮಂಟಪದ ಕಂಬಗಳು ಸೂರಿಲ್ಲದೆ ನಿಂತಿವೆ. ವಿರೂಪಣ್ಣನ ಕೆಲಸ ಅಲ್ಲಿಗೆ ನಿಂತಿತು.