ಉಡುಪಿಗೆ ಬಂದ ಕನಕದಾಸರು

ರಾಜ್ಯೋತ್ಸವದ ತಿಂಗಳಲ್ಲೇ ಸಾಮಾನ್ಯವಾಗಿ ಕನಕ ಜಯಂತಿಯೂ ಬರುವುದರಿಂದ ದಾಸರನ್ನು ಇಲ್ಲಿ ಸ್ಮರಿಸುತ್ತೇವೆ.

16ನೆಯ ಶತಮಾನದ ಈ ಸಂತಕವಿ ಇಂದಿನ ಹಾವೇರಿ ಜಿಲ್ಲೆಯ ಬಾಡದಲ್ಲಿ ಕುರುಬರ ಮನೆತನದಲ್ಲಿ ಜನಿಸಿದರು. ತಿಮ್ಮಪ್ಪನಾಯಕನೆಂಬುದು ಮೊದಲ ಹೆಸರು. ಯುದ್ಧದಲ್ಲಿ ಗಾಯಗೊಂಡು ವೈರಾಗ್ಯ ತಾಳಿದರೆಂದು ಹೇಳುವರು. ವ್ಯಾಸರಾಯರ ಶಿಷ್ಯರಾದರು. ‘ಮೋಹನತರಂಗಿಣಿ’, ‘ನಳಚರಿತ್ರೆ’ಗಳನ್ನು ರಚಿಸಿದರು. ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಬಡವರ ರಾಗಿಯನ್ನೇ ಶ್ರೀರಾಮನಿಂದ ಗೆಲ್ಲಿಸಿದರು.

ಇಂಥ ದಾಸರು ಕೃಷ್ಣದರ್ಶನಕ್ಕೆಂದು ಮೊದಲ ಸಲ ಉಡುಪಿಗೆ ಬಂದಾಗ, ಕುಲದ ಕಾರಣದಿಂದ ಅವರನ್ನು ಗುಡಿಯೊಳಗೆ ಬಿಡಲಿಲ್ಲವೆಂದು ಐತಿಹ್ಯ. ದಾಸರು ಊರಿಗೆ ಹಿಂದಿರುಗಲಿಲ್ಲ; ಗುಡಿಯ ಹಿಂದೆ ನಿಂತು ಹಾಡಿದರು. ಗೋಡೆ ಬಿರಿದು, ದೇವರೇ ಅವರತ್ತ ತಿರುಗಿದನೆಂದು ಭಕ್ತರ ನಂಬಿಕೆ. ಉಡುಪಿಯ ಕೃಷ್ಣ ಇಂದಿಗೂ ಪಶ್ಚಿಮಾಭಿಮುಖ. ಎಲ್ಲ ಕುಲದ ಯಾತ್ರಿಕರೂ ಕನಕನ ಕಿಂಡಿಯಲ್ಲಿ ದರ್ಶನ ಪಡೆದೇ ಒಳಗೆ ಹೋಗುವುದು ವಾಡಿಕೆ. ಒಳಗೆ ಬಿಡದವರ ಹೆಸರು ಯಾರ ನೆನಪಿನಲ್ಲೂ ಇಲ್ಲ.

ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ನಾವು ರಜೆಯಲ್ಲಿ ಮಕ್ಕಳನ್ನು ಉಡುಪಿಗೆ ಕರೆದೊಯ್ಯುವುದುಂಟು. ಕಿಂಡಿಯನ್ನು ತೋರಿಸಿ ಕೈಮುಗಿಸಿದರೆ ಸಾಲದು. ದಾಸರು ಅಲ್ಲಿ ಹೊರಗೆ ನಿಲ್ಲಬೇಕಾಯಿತೇಕೆಂಬುದನ್ನೂ ಅವರಿಗೆ ಕನ್ನಡದಲ್ಲೇ ತಿಳಿಸಿ ಹೇಳೋಣ.