ಮೆಕ್ಯಾನಿಕಲ್ ಬ್ರಾಂಚಿನ ಬಾಬಿ ಜೋನ್ಸ್

ಗಾಲ್ಫ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಟಿವಿ ಚಾನೆಲ್ ಬದಲಾಯಿಸುವಾಗ ಎರಡು ಸೆಕೆಂಡ್ ಕಾಣಿಸುವ ಹಸಿರು ಹುಲ್ಲು, ಅಷ್ಟೇ. ನಮ್ಮ ಕ್ಯಾಂಪಸ್ಸಿನಲ್ಲಿ ಸಂಜೆ ಕ್ರಿಕೆಟ್‌ಗೆ ಪಿಚ್ ಸಿಗೋದೇ ಕಷ್ಟ, ಗಾಲ್ಫ್ ಕೋರ್ಸ್ ಎಲ್ಲಿಂದ ಬರಬೇಕು? ಆದರೂ ಈ ಸಂಚಿಕೆಗೆ ಒಬ್ಬ ಗಾಲ್ಫ್ ಆಟಗಾರನ ಬಗ್ಗೆ ಬರೆಯೋಣ ಅಂದುಕೊಂಡೆವು. ಒಂದು ಕಾರಣ, ಅವನು ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವನು, ಅದೂ ಮೆಕ್ಯಾನಿಕಲ್. ಇನ್ನೊಂದು ಕಾರಣ, ಜಗತ್ತಿನಲ್ಲೇ ಅವನಷ್ಟು ಚೆನ್ನಾಗಿ ಆಡುವವರು ಇಲ್ಲ ಅನ್ನಿಸಿಕೊಂಡ ವರ್ಷಗಳಲ್ಲೂ ಅವನು ಗೆದ್ದದ್ದಕ್ಕೆ ಬಹುಮಾನದ ಹಣ ತಗೊಳ್ಳಲಿಲ್ಲ. ಹವ್ಯಾಸಿಯಾಗಿ ಶುರು ಮಾಡಿ ಹವ್ಯಾಸಿಯಾಗಿಯೇ ನಿಲ್ಲಿಸಿದ. ಹೆಸರು ರಾಬರ್ಟ್ ಟೈರ್ ಜೋನ್ಸ್ ಜೂನಿಯರ್. ಎಲ್ಲರಿಗೂ ಬಾಬಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೋರ್ಸಿನಲ್ಲಿ 18 ಹೋಲ್ ಇರುತ್ತವೆ. ಒಬ್ಬ ಒಳ್ಳೆಯ ಆಟಗಾರ ಒಂದು ಹೋಲ್ ಮುಗಿಸೋಕೆ ಎಷ್ಟು ಹೊಡೆತ ಬೇಕು ಅನ್ನುವ ಲೆಕ್ಕಕ್ಕೆ ಪಾರ್ ಅಂತ ಹೆಸರು. ಸ್ಪರ್ಧೆ ಎರಡು ಥರ. ಒಂದರಲ್ಲಿ ಒಟ್ಟು ಹೊಡೆತ ಎಣಿಸುತ್ತಾರೆ, ಕಡಿಮೆ ಹೊಡೆದವನು ಗೆದ್ದ. ಇನ್ನೊಂದರಲ್ಲಿ ಇಬ್ಬರು ಎದುರುಬದುರು ಆಡುತ್ತಾರೆ, ಹೆಚ್ಚು ಹೋಲ್ ಗೆದ್ದವನು ಮುಂದಿನ ಸುತ್ತಿಗೆ ಹೋಗುತ್ತಾನೆ. ಬಾಬಿಯ ಕಾಲದಲ್ಲಿ ದೊಡ್ಡ ಸ್ಪರ್ಧೆಗಳು ನಾಲ್ಕು: ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಒಂದೊಂದು ಓಪನ್, ಒಂದೊಂದು ಅಮೆಚೂರ್. ಓಪನ್‌ನಲ್ಲಿ ದುಡ್ಡಿಗೆ ಆಡುವ ವೃತ್ತಿಪರರೂ ಬರುತ್ತಿದ್ದರು, ಅಮೆಚೂರ್‌ನಲ್ಲಿ ಹವ್ಯಾಸಿಗಳು ಮಾತ್ರ.

ಬಾಬಿ ಹುಟ್ಟಿದ್ದು 1902ರ ಮಾರ್ಚ್ 17ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಅಪ್ಪ ವಕೀಲರು. ಮಗು ಬಹಳ ನಾಜೂಕು, ತಿಂದದ್ದು ದಕ್ಕುತ್ತಿರಲಿಲ್ಲ. ಊರ ಹೊರಗಿನ ಗಾಳಿಗಾದರೂ ಗಟ್ಟಿಯಾಗಲಿ ಅಂತ ಮನೆಯವರು ಈಸ್ಟ್ ಲೇಕ್ ಗಾಲ್ಫ್ ಕೋರ್ಸ್ ಪಕ್ಕ ಬಂದು ಇದ್ದರು. ಅಲ್ಲಿ ಕಲಿಸುತ್ತಿದ್ದವರು ಸ್ಟೀವರ್ಟ್ ಮೇಡನ್, ಸ್ಕಾಟ್ಲೆಂಡಿನ ಕಾರ್ನೂಸ್ಟಿ ಊರಿನವರು, ಮಾತು ಬಹಳ ಕಡಿಮೆ. ಹುಡುಗ ಅವರ ಹಿಂದೆ ಹಿಂದೆ ನಾಲ್ಕೈದು ಹೋಲ್ ನಡೆದು, ಮನೆಗೆ ಬಂದು, ಅವರು ಕ್ಲಬ್ ಬೀಸಿದ ಹಾಗೇ ಬೀಸಿ ನೋಡುತ್ತಿದ್ದ. ಕ್ರಮವಾಗಿ ಪಾಠ ಅಂತ ಹೇಳಿಸಿಕೊಂಡಿದ್ದಿಲ್ಲ. ನೋಡಿ ಕಲಿತದ್ದೇ ಜೀವನಪೂರ್ತಿ ಅವನ ಸ್ವಿಂಗ್ ಆಯಿತು. ಯೂಟ್ಯೂಬ್ ಇಲ್ಲದ ಕಾಲದ ಯೂಟ್ಯೂಬ್ ಅನ್ನಬಹುದು.

ಆರನೇ ವಯಸ್ಸಿಗೆ ಮಕ್ಕಳ ಒಂದು ಸಣ್ಣ ಸ್ಪರ್ಧೆಯಲ್ಲಿ ಪುಟ್ಟ ಕಪ್ ಸಿಕ್ಕಿತು. ನಿಜವಾಗಿ ಗೆದ್ದದ್ದು ಜೊತೆಗೆ ಆಡಿದ ಅಲೆಕ್ಸಾ ಸ್ಟರ್ಲಿಂಗ್ ಅನ್ನುವ ಹುಡುಗಿ. ಹುಡುಗಿಗೆ ಕೊಡೋದು ಬೇಡ ಅಂತ ದೊಡ್ಡವರು ಕಪ್ಪನ್ನು ಇವನಿಗೆ ಕೊಟ್ಟರು. ಅದು ಅಲೆಕ್ಸಾಳ ಕಪ್ಪು ಅಂತ ಬಾಬಿ ದೊಡ್ಡವನಾದ ಮೇಲೂ ಹೇಳುತ್ತಲೇ ಇದ್ದ. ಅವಳು ಮುಂದೆ ಅಮೆರಿಕದ ಮಹಿಳಾ ಅಮೆಚೂರ್ ಪ್ರಶಸ್ತಿಯನ್ನು ಮೂರು ಸಲ ಗೆದ್ದಳು.

1916ರಲ್ಲಿ, 14ನೇ ವಯಸ್ಸಿಗೆ, ಬಾಬಿ ಜಾರ್ಜಿಯಾ ರಾಜ್ಯದ ಅಮೆಚೂರ್ ಗೆದ್ದ. ಅದೇ ವರ್ಷ ಫಿಲಡೆಲ್ಫಿಯಾ ಹತ್ತಿರದ ಮೆರಿಯನ್‌ನಲ್ಲಿ ಅಮೆರಿಕದ ಅಮೆಚೂರ್‌ಗೆ ಹೋಗಿ ಕ್ವಾರ್ಟರ್ ಫೈನಲ್ ತನಕ ಬಂದ. ಪತ್ರಿಕೆಗಳೆಲ್ಲ ಹೊಗಳಿದವು. ಹದಿನಾಲ್ಕಕ್ಕೇ ಇಷ್ಟಾದರೆ ಹದಿನೈದಕ್ಕೆ, ಹದಿನಾರಕ್ಕೆ ಏನೇನು ಗೆಲ್ಲಬಹುದು ಅಂತ ಎಲ್ಲರ ಲೆಕ್ಕ.

ಆಮೇಲೆ ಏಳು ವರ್ಷ ಒಂದೂ ದೊಡ್ಡ ಪ್ರಶಸ್ತಿ ಬರಲಿಲ್ಲ.

ಈ ಏಳು ವರ್ಷವೇ ನಮಗೆ ಅವನ ಬದುಕಿನ ಮುಖ್ಯ ಭಾಗ ಅನ್ನಿಸುತ್ತದೆ. ಯಾಕಂದ್ರೆ ಸ್ವಿಂಗ್‌ನಲ್ಲಿ ಏನೂ ದೋಷ ಇರಲಿಲ್ಲ. ಹೊಡೆತ ಹೊಡೆತ ಲೆಕ್ಕ ಹಾಕಿದರೆ ಅವನು ದೇಶದ ಯಾರಿಗೂ ಕಡಿಮೆ ಇರಲಿಲ್ಲ. ತೊಂದರೆ ಇದ್ದದ್ದು ಸಿಟ್ಟಿನಲ್ಲಿ. ಒಂದು ಹೊಡೆತ ತಪ್ಪಿದರೆ ಕ್ಲಬ್ ಎಸೆಯೋದು, ನೆಲಕ್ಕೆ ಬಡಿಯೋದು, ಬೈಯೋದು. ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ರೆಡ್ ಕ್ರಾಸ್‌ಗೆ ಹಣ ಎತ್ತಲು ಊರೂರಿಗೆ ಹೋಗಿ ಆಡುವಾಗಲೂ ಇದೇ ಕಥೆ. ಜೊತೆಗಿದ್ದ ಅಲೆಕ್ಸಾಗೆ ನಾಚಿಕೆಯಿಂದ ತಲೆ ಎತ್ತೋಕಾಗಲಿಲ್ಲ. 1919ರಲ್ಲಿ ಓಕ್‌ಮಾಂಟ್‌ನಲ್ಲಿ ಅಮೆಚೂರ್ ಫೈನಲ್. ಕ್ಲಬ್ ಬೀಸುತ್ತಿರುವಾಗಲೇ ಒಬ್ಬ ಮಾರ್ಷಲ್ ಜನರನ್ನು ಸುಮ್ಮನಿರಿಸಲು ಮೆಗಾಫೋನ್‌ನಲ್ಲಿ ಕೂಗಿದ, ಹೊಡೆತ ಕೆಟ್ಟಿತು. ಕೆಟ್ಟದ್ದು ಒಂದೇ ಹೊಡೆತ. ಆದರೆ ಅದು ತಲೆಯಿಂದ ಹೋಗಲಿಲ್ಲ, ಫೈನಲ್ ಸೋತ.

1921 ಇನ್ನೂ ಕೆಟ್ಟ ವರ್ಷ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ಅಂದ್ರೆ ಗಾಲ್ಫ್‌ಗೆ ತವರುಮನೆ ಇದ್ದ ಹಾಗೆ. ಅಲ್ಲಿ ಬ್ರಿಟಿಷ್ ಓಪನ್‌ನ ಮೂರನೇ ಸುತ್ತು. ಮೊದಲ 9 ಹೋಲ್‌ಗೆ 46 ಹೊಡೆತ ಹೋದವು. 11ನೇ ಹೋಲ್‌ನಲ್ಲಿ ಚೆಂಡು ಮರಳಿನ ಬಂಕರ್‌ಗೆ ಬಿತ್ತು, ಎಷ್ಟು ಹೊಡೆದರೂ ಹೊರಗೆ ಬರಲಿಲ್ಲ. ಬಾಬಿ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಸ್ಪರ್ಧೆಯಿಂದ ಹೊರಗೆ ಬಂದುಬಿಟ್ಟ. ಆ ಊರಿನ ಜನ ಗಾಳಿ, ಮಳೆ, ಬಂಕರ್ ಎಲ್ಲ ಸಹಿಸುತ್ತಾರೆ, ಅರ್ಧಕ್ಕೆ ಬಿಟ್ಟುಹೋಗೋರನ್ನು ಸಹಿಸಲ್ಲ. ಅದೇ ವರ್ಷ ಅಮೆರಿಕದಲ್ಲಿ ಅವನು ಎಸೆದ ಕ್ಲಬ್ ಪುಟಿದು ನೋಡಲು ಬಂದಿದ್ದ ಒಬ್ಬ ಮಹಿಳೆಯ ಕಾಲಿಗೆ ತಗುಲಿತು. ಸಿಟ್ಟು ಹಿಡಿತಕ್ಕೆ ಬರದಿದ್ದರೆ ಮುಂದೆ ನಮ್ಮ ಯಾವ ಸ್ಪರ್ಧೆಯಲ್ಲೂ ಜಾಗ ಇಲ್ಲ ಅಂತ ಅಮೆರಿಕದ ಗಾಲ್ಫ್ ಸಂಸ್ಥೆಯಿಂದ ಪತ್ರ ಬಂತು. ವಯಸ್ಸು 19. ನಮ್ಮ ಕ್ಲಾಸಿನಲ್ಲಿ ಕೂತಿರಬೇಕಾದ ವಯಸ್ಸು.

ಕ್ಲಾಸಿನಲ್ಲೇ ಕೂತಿದ್ದ ಕೂಡ! ಇದೆಲ್ಲ ನಡೆಯುವಾಗ ಅವನು ಅಟ್ಲಾಂಟಾದ ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿ. 1922ರಲ್ಲಿ ಮೆಕ್ಯಾನಿಕಲ್ ಡಿಗ್ರಿ ಮುಗಿಸಿದ. ಅಷ್ಟಕ್ಕೇ ನಿಲ್ಲದೆ ಹಾರ್ವರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಇನ್ನೊಂದು ಡಿಗ್ರಿ ತಗೊಂಡ. ಜಾರ್ಜಿಯಾ ಟೆಕ್ ಪರವಾಗಿ ಆಡಿದ್ದರಿಂದ ಹಾರ್ವರ್ಡ್ ಗಾಲ್ಫ್ ತಂಡದಲ್ಲಿ ಆಡುವ ಹಾಗಿರಲಿಲ್ಲ, ಅದಕ್ಕೆ ತಂಡದ ಅಸಿಸ್ಟೆಂಟ್ ಮ್ಯಾನೇಜರ್ ಆದ. ದೇಶದ ಅತ್ಯುತ್ತಮ ಆಟಗಾರ ತಂಡದ ಸಾಮಾನು ನೋಡಿಕೊಳ್ಳೋದನ್ನು ಊಹಿಸಿಕೊಳ್ಳಿ. ಆಮೇಲೆ ಎಮೊರಿಯಲ್ಲಿ ಕಾನೂನು ಓದುತ್ತಿರುವಾಗಲೇ ವಕೀಲಿಕೆಯ ಪರೀಕ್ಷೆ ಪಾಸಾಗಿ ಅಪ್ಪನ ಆಫೀಸಿಗೆ ಸೇರಿದ. ಗಾಲ್ಫ್ ಇದರ ಮಧ್ಯೆ. ವರ್ಷದಲ್ಲಿ ಬಹುಪಾಲು ತಿಂಗಳು ಕ್ಲಬ್ ಮುಟ್ಟದೇ ಇದ್ದದ್ದೂ ಉಂಟು.

ಹಾಗಾದ್ರೆ ಸುಧಾರಿಸಿದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಅವನು ನಿಧಾನವಾಗಿ ಕಂಡುಕೊಂಡದ್ದು ಏನಂದ್ರೆ, ಎದುರಾಳಿಯನ್ನು ನೋಡಿ ಆಡಿದಷ್ಟೂ ಆಟ ಕೆಡುತ್ತದೆ. ಅವನು ಚೆನ್ನಾಗಿ ಹೊಡೆದರೆ ನಾವು ಇನ್ನೂ ಜೋರಾಗಿ ಹೊಡೆಯಲು ಹೋಗುತ್ತೇವೆ, ಅವನು ಕೆಡಿಸಿದರೆ ನಾವೂ ಸಡಿಲ ಬಿಡುತ್ತೇವೆ. ಅದಕ್ಕೆ ಜೋನ್ಸ್ ಪಾರ್ ಅನ್ನೇ ಒಬ್ಬ ಮುದುಕ ಅಂತ ಕಲ್ಪಿಸಿಕೊಂಡ. ಪಾರ್ ಮುದುಕಪ್ಪ ಅಂತ ಇಟ್ಟುಕೊಳ್ಳೋಣ. ಆತ ಅದ್ಭುತವಾಗಿ ಹೊಡೆಯಲ್ಲ, ತಪ್ಪೂ ಮಾಡಲ್ಲ, ಸಿಟ್ಟಂತೂ ಇಲ್ಲವೇ ಇಲ್ಲ. ಪ್ರತಿ ಹೋಲ್‌ಗೂ ಎಷ್ಟು ಬೇಕೋ ಅಷ್ಟೇ. ಪಕ್ಕದಲ್ಲಿ ಯಾರೇ ಇರಲಿ, ಆಡೋದು ಆ ಮುದುಕಪ್ಪನ ಜೊತೆ. ರಿಲೇಟಿವ್ ಗ್ರೇಡಿಂಗ್ ತೆಗೆದುಹಾಕಿದ ಹಾಗೆ. ಹಾಗೆ ಆಡುವಾಗ ಒಂದು ಹೊಡೆತ ತಪ್ಪಿದರೂ ಅದಕ್ಕೆ ಪ್ರಾಯಶ್ಚಿತ್ತ ಅಂತ ಮುಂದಿನದರಲ್ಲಿ ಪವಾಡ ಮಾಡುವ ಅಗತ್ಯ ಇರಲ್ಲ.

ಫಲ ಮೊದಲು ಕಂಡದ್ದು 1923ರಲ್ಲಿ, ನ್ಯೂಯಾರ್ಕ್ ಹತ್ತಿರದ ಇನ್‌ವುಡ್‌ನಲ್ಲಿ ನಡೆದ ಅಮೆರಿಕನ್ ಓಪನ್. ಕೊನೇ ಸುತ್ತಿನ ಕೊನೆಯ ಮೂರು ಹೋಲ್‌ಗಳಲ್ಲಿ ಎಡವಿ, ಕೈಗೆ ಬಂದ ಗೆಲುವನ್ನು ಬಿಟ್ಟ. ಬಾಬಿ ಕ್ರುಕ್‌ಶ್ಯಾಂಕ್ ಬಂದು ಸಮ ಮಾಡಿದರು. ಹಳೇ ಬಾಬಿ ಆಗಿದ್ದರೆ ಅಲ್ಲಿಗೇ ಮುಗಿಯಿತು. ಮರುದಿನ ಪ್ಲೇಆಫ್, 17 ಹೋಲ್ ಆದ ಮೇಲೂ ಇಬ್ಬರೂ ಸಮ. 18ನೇ ಹೋಲ್‌ನಲ್ಲಿ ಗ್ರೀನ್ ಮುಂದೆ ನೀರು. ಜೋನ್ಸ್ ಚೆಂಡು ಬಿದ್ದಿದ್ದು ಹುಲ್ಲಿಲ್ಲದ ಸಡಿಲ ಮಣ್ಣಿನ ಮೇಲೆ, ಸುಮಾರು 190 ಗಜ ದೂರ. ಹೆಚ್ಚು ಯೋಚಿಸದೆ ಕಬ್ಬಿಣದ ಕ್ಲಬ್ ತೆಗೆದು ಹೊಡೆದ. ಚೆಂಡು ನೀರು ದಾಟಿ ಹೋಲ್‌ನಿಂದ ಕೆಲವೇ ಅಡಿ ದೂರ ನಿಂತಿತು. 76ಕ್ಕೆ 78. ಮೊದಲ ದೊಡ್ಡ ಗೆಲುವು.

ತಾಂತ್ರಿಕವಾಗಿಯೂ ಒಂದು ಕೊರತೆ ಇತ್ತು, ಅದು ಪಟ್ಟಿಂಗ್. ಅಂದ್ರೆ ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಕೆಲಸ. 1924ರಲ್ಲಿ ವಾಲ್ಟರ್ ಟ್ರಾವಿಸ್ ಅನ್ನುವ ಹಿರಿಯ ಆಟಗಾರರು ಅವನ ಕೈ ಹಿಡಿಯುವ ರೀತಿ, ಪಾದ ಇಡುವ ರೀತಿ ಎರಡನ್ನೂ ಬದಲಾಯಿಸಿದರು. ಅದೇ ವರ್ಷ ಅಮೆರಿಕದ ಅಮೆಚೂರ್ ಬಂತು, ಅದೂ ಹದಿನಾಲ್ಕರಲ್ಲಿ ಸೋತ ಮೆರಿಯನ್‌ನಲ್ಲೇ.

ಇಲ್ಲಿಂದ ಮುಂದೆ ಬಹುವಚನ ಹಾಕೋಣ, 1925ರಲ್ಲಿ ಅವರು ಮಾಡಿದ್ದನ್ನು ನೋಡಿದರೆ ಹಾಕಲೇಬೇಕು. ವೂಸ್ಟರ್‌ನಲ್ಲಿ ಅಮೆರಿಕನ್ ಓಪನ್, ಮೊದಲ ಸುತ್ತು. ಎತ್ತರದ ಹುಲ್ಲಿನಲ್ಲಿ ಹೊಡೆಯಲು ನಿಂತಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರಿಗೂ ಕಾಣಲಿಲ್ಲ. ಜೋನ್ಸ್ ತಾವೇ ತಮ್ಮ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡರು. ಅಧಿಕಾರಿಗಳು ವಿಚಾರಿಸಿ, ಯಾರೂ ನೋಡಿಲ್ಲ, ನಿರ್ಧಾರ ನಿಮಗೇ ಬಿಟ್ಟದ್ದು ಅಂದರು. ಅವರು ದಂಡವನ್ನು ಉಳಿಸಿಕೊಂಡರು. ನಾಲ್ಕು ಸುತ್ತು ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮ, ಮೊದಲ ಪ್ಲೇಆಫ್ 75-75ರಿಂದ ಮತ್ತೆ ಸಮ, ಎರಡನೆಯದರಲ್ಲಿ 73ಕ್ಕೆ 72ರಿಂದ ಜೋನ್ಸ್ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇಆಫೇ ಇರುತ್ತಿರಲಿಲ್ಲ. ಜನ ಹೊಗಳಲು ಬಂದರೆ ಅವರಿಗೆ ಬೇಸರವಾಯಿತಂತೆ. ಬ್ಯಾಂಕ್ ದರೋಡೆ ಮಾಡದೇ ಇದ್ದದ್ದಕ್ಕೂ ಯಾರಾದರೂ ಹೊಗಳುತ್ತಾರಾ ಅನ್ನೋದು ಅವರ ವಾದ.

ಮುಂದಿನ ಗೆಲುವುಗಳನ್ನು ಬೇಗ ಹೇಳಿಬಿಡುತ್ತೇವೆ. 1923ರಿಂದ 1930ರ ಒಳಗೆ 13 ದೊಡ್ಡ ಪ್ರಶಸ್ತಿ. 1927ರಲ್ಲಿ ಅದೇ ಸೇಂಟ್ ಆ್ಯಂಡ್ರೂಸ್‌ಗೆ ಹೋಗಿ ಬ್ರಿಟಿಷ್ ಓಪನ್ ಗೆದ್ದು, ಕಪ್ಪನ್ನು ಅಮೆರಿಕಕ್ಕೆ ಒಯ್ಯದೆ ಅಲ್ಲಿನ ಕ್ಲಬ್ಬಿನ ಬಳಿಯೇ ಬಿಟ್ಟರು. 1930ರಲ್ಲಿ ನಾಲ್ಕೂ ಒಂದೇ ವರ್ಷದಲ್ಲಿ: ಸೇಂಟ್ ಆ್ಯಂಡ್ರೂಸ್, ಹೊಯ್‌ಲೇಕ್, ಮಿನಿಯಾಪೊಲಿಸ್ ಬಳಿಯ ಇಂಟರ್‌ಲಾಕೆನ್, ಕೊನೆಗೆ ಸೆಪ್ಟೆಂಬರ್‌ನಲ್ಲಿ ಮೆರಿಯನ್. ಆ ನಾಲ್ಕನ್ನು ಒಂದೇ ವರ್ಷ ಬೇರೆ ಯಾರೂ ಗೆದ್ದಿಲ್ಲ.

ಹೊರಗೆ ನೋಡುವವರಿಗೆ ಶಾಂತ. ಒಳಗೆ ಹಾಗಿರಲಿಲ್ಲ. ಸ್ಪರ್ಧೆಯ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ, ಕಿಲೋಗಟ್ಟಲೆ ತೂಕ ಇಳಿಯುತ್ತಿತ್ತು. ಇಂಟರ್‌ಲಾಕೆನ್‌ನ ಬಿಸಿಲಿನಲ್ಲಿ ಬೆವರಿಗೆ ಟೈ ಗಂಟು ಎಷ್ಟು ಬಿಗಿಯಾಯಿತೆಂದರೆ ಬಿಚ್ಚಲಾಗದೆ ಪತ್ರಕರ್ತ ಗೆಳೆಯ ಕೀಲರ್ ಚಾಕುವಿನಿಂದ ಕತ್ತರಿಸಬೇಕಾಯಿತು. ಸಿಟ್ಟು ಹೋಗಿರಲಿಲ್ಲ ಅಂತ ನಮ್ಮ ಅಂದಾಜು, ಕ್ಲಬ್ ಎಸೆಯುವ ಕೈ ಮಾತ್ರ ನಿಂತಿತ್ತು. ಹಾಗಾಗಿ 1930ರ ನವೆಂಬರ್‌ನಲ್ಲಿ, 28ನೇ ವಯಸ್ಸಿಗೆ, ಸ್ಪರ್ಧೆ ಸಾಕು ಅಂತ ಅವರು ಹೇಳಿದ್ದು ನಮಗೆ ಅಷ್ಟೇನೂ ಆಶ್ಚರ್ಯ ಅನ್ನಿಸಲಿಲ್ಲ.

ನಿಂತ ಮೇಲೆ ಗಾಲ್ಫ್‌ನಿಂದ ದುಡ್ಡು ಮಾಡಿದರು, ಆಗ ತಡೆಯುವ ನಿಯಮ ಏನೂ ಇರಲಿಲ್ಲ. ವಾರ್ನರ್ ಬ್ರದರ್ಸ್‌ಗೆ ಆಟ ಕಲಿಸುವ ಸಣ್ಣ ಸಿನಿಮಾಗಳನ್ನು ಮಾಡಿದರು. ಸ್ಪಾಲ್ಡಿಂಗ್ ಕಂಪನಿಗೆ ಕ್ಲಬ್ ಡಿಸೈನ್ ಮಾಡಿದರು, ಮೆಕ್ಯಾನಿಕಲ್ ಡಿಗ್ರಿ ಕೊನೆಗೂ ಕೆಲಸಕ್ಕೆ ಬಂತು. ಅವರು ಆಡಿದ್ದೆಲ್ಲ ಹಿಕರಿ ಮರದ ಶಾಫ್ಟ್‌ಗಳಲ್ಲಿ. ಮರದ ಶಾಫ್ಟ್ ಬೀಸುವಾಗ ತಿರುಚಿಕೊಳ್ಳುತ್ತದೆ, ಟಾರ್ಶನ್ ನಮಗೆ ಗೊತ್ತೇ ಇದೆ. ಹೊಸವು ಉಕ್ಕಿನವು. ಆಗ ಅವರ ಹಳೇ ಸೆಟ್ಟನ್ನು ಅಳೆದು ನೋಡಿದಾಗ ಕೈಯಂದಾಜಿನಲ್ಲೇ ಆರಿಸಿದ ಕ್ಲಬ್‌ಗಳು ಒಂದಕ್ಕೊಂದು ಹೊಂದಿಕೊಂಡಿದ್ದವು, ಹೊಂದದೇ ಇದ್ದದ್ದು ಒಂದೇ, ಅದು ಅವರಿಗೆ ಮೊದಲಿಂದಲೂ ಕಾಟ ಕೊಟ್ಟ ಕ್ಲಬ್ ಅಂತ ಒಂದು ಕಥೆ ಗಾಲ್ಫ್ ಜನರ ಬಾಯಲ್ಲಿದೆ.

ಅಲಿಸ್ಟರ್ ಮೆಕೆಂಝಿ ಜೊತೆ ಸೇರಿ ಆಗಸ್ಟಾದಲ್ಲಿ ಕೋರ್ಸ್ ಕಟ್ಟಿದರು. 1934ರಲ್ಲಿ ಅಲ್ಲಿ ಶುರುವಾದ ಸ್ಪರ್ಧೆಯೇ ಇವತ್ತಿನ ಮಾಸ್ಟರ್ಸ್. ಇದನ್ನು ಹೊಗಳಿ ಮುಂದೆ ಹೋಗಲು ನಮಗೆ ಮನಸ್ಸಾಗುವುದಿಲ್ಲ. ಆ ಸ್ಪರ್ಧೆಯಲ್ಲಿ ಮೊದಲ ಕಪ್ಪು ವರ್ಣದ ಆಟಗಾರ ಲೀ ಎಲ್ಡರ್ ಆಡಿದ್ದು 1975ರಲ್ಲಿ, ಕ್ಲಬ್ಬಿಗೆ ಮೊದಲ ಕಪ್ಪು ವರ್ಣದ ಸದಸ್ಯರು ಬಂದದ್ದು 1990ರಲ್ಲಿ. ತಮ್ಮ ಮೇಲೆ ತಾವೇ ದಂಡ ಹಾಕಿಕೊಂಡ ಮನುಷ್ಯ ಬದುಕಿದ್ದಷ್ಟು ದಿನ ಆ ಬಾಗಿಲು ಮುಚ್ಚಿಯೇ ಇತ್ತು.

ಎರಡನೇ ಮಹಾಯುದ್ಧದಲ್ಲಿ ಅವರು ಸೇನೆಗೆ ಸೇರಿ ಯುರೋಪಿಗೆ ಹೋಗಿ ಬಂದರು. 1948ರಲ್ಲಿ ಈಸ್ಟ್ ಲೇಕ್‌ನಲ್ಲಿ ಕೊನೆಯ ಸುತ್ತು ಆಡಿದರು. ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳು ಬೆಳೆಯುವ ಸಿರಿಂಗೋಮೈಲಿಯಾ ಅನ್ನುವ ಕಾಯಿಲೆ ಅದು. ಮೊದಲು ನೋವು, ಆಮೇಲೆ ಕೋಲು, ಆಮೇಲೆ ಗಾಲಿಕುರ್ಚಿ. ಆ ಕೈಗಳಲ್ಲಿ ಪೆನ್ ಹಿಡಿಯುವುದೂ ಕಷ್ಟವಾಯಿತು. ಆದರೂ ಅಭಿಮಾನಿಗಳ ಪತ್ರಗಳಿಗೆ ಉತ್ತರ ಹೋಗುತ್ತಲೇ ಇತ್ತು. ಕಾಯಿಲೆಯ ಬಗ್ಗೆ ಯಾರಾದರೂ ಮರುಕ ತೋರಿಸಿದರೆ ಮಾತು ಬದಲಾಯಿಸುತ್ತಿದ್ದರು.

1958ರಲ್ಲಿ ಸೇಂಟ್ ಆ್ಯಂಡ್ರೂಸ್ ಊರು ಅವರಿಗೆ ಗೌರವ ನಾಗರಿಕತ್ವ ಕೊಟ್ಟಿತು. ಅವರಿಗಿಂತ ಮೊದಲು ಅದನ್ನು ಪಡೆದ ಅಮೆರಿಕನ್ ಬೆಂಜಮಿನ್ ಫ್ರಾಂಕ್ಲಿನ್, 1759ರಲ್ಲಿ. ಸಭೆ ಮುಗಿದು ಜೋನ್ಸ್ ಹೊರಗೆ ಹೊರಟಾಗ ಸಭಾಂಗಣದ ಜನರೆಲ್ಲ ಎದ್ದು ನಿಂತು ಹಳೆಯ ಸ್ಕಾಟಿಷ್ ಹಾಡೊಂದನ್ನು ಹೇಳಿದರು. ಅವರು ಮತ್ತೆ ಆ ಊರಿಗೆ ಬರಲಿಲ್ಲ. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ತೀರಿಕೊಂಡ ಸುದ್ದಿ ಮುಟ್ಟಿದಾಗ ಸೇಂಟ್ ಆ್ಯಂಡ್ರೂಸ್‌ನಲ್ಲಿ ಆಟ ನಿಲ್ಲಿಸಿ ಬಾವುಟ ಅರ್ಧಕ್ಕೆ ಇಳಿಸಿದರು. ಅಲ್ಲಿನ ಓಲ್ಡ್ ಕೋರ್ಸ್‌ನ 10ನೇ ಹೋಲ್‌ಗೆ ಈಗ ಬಾಬಿ ಜೋನ್ಸ್ ಅಂತಲೇ ಹೆಸರು. 1921ರಲ್ಲಿ ಅವರು ಚೆಂಡು ಎತ್ತಿಕೊಂಡು ಹೊರಟುಹೋದದ್ದು ಅದರ ಮುಂದಿನ ಹೋಲ್‌ನಿಂದ.